ನಂದಿ ರೋಡಿನ ಕಾರುಗಳಲ್ಲಿ ರೇಸಿಂಗ್ ಹಾರ್ನೆಸ್: ಕಾನೂನೂ ಒಪ್ಪಲ್ಲ, ಕಾರೂ ಒಪ್ಪಲ್ಲ

ಭಾನುವಾರ ಬೆಳಗಿನ ಜಾವ ನಂದಿ ಬೆಟ್ಟದ ರೋಡಿಗೆ ಮಾಡಿಫೈ ಮಾಡ್ಸಿರೋ ಕಾರುಗಳು ಸಾಲಾಗಿ ಬರೋದು ನಮ್ಮ ಕಡೆಯವರಿಗೆ ಹೊಸದೇನಲ್ಲ, ಎಲ್ಲಾ ಬೆಂಗಳೂರು ಗಾಡಿ ಅಂದ್ಕೊಂಡು ಸುಮ್ನಾಗ್ತಿದ್ವಿ. ಈಗ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಹುಡುಗರ ಸ್ವಿಫ್ಟು, ಪೋಲೋ, ಹಳೇ ಹೋಂಡಾ ಸಿಟಿ ಒಳಗೂ ಮುಂದಿನ ಸೀಟಿನ ಮೇಲಿಂದ ಎರಡು ಅಗಲದ ಪಟ್ಟಿ ಇಳಿಬಿದ್ದಿರೋದು ಕಾಣ್ತಿದೆ, ಕೆಂಪು, ನೀಲಿ, ಇಲ್ಲಾ ಗಿಣಿ ಹಸಿರು. ರೇಸಿಂಗ್ ಹಾರ್ನೆಸ್ ಅಂತಾರೆ ಇದಕ್ಕೆ, ರೇಸ್ ಕಾರಲ್ಲಿ ಡ್ರೈವರ್‌ನ ಸೀಟಿಗೆ ಬಿಗಿದು ಕಟ್ಟೋ ನಾಲ್ಕು ಪಾಯಿಂಟ್, ಆರು ಪಾಯಿಂಟ್ ಬೆಲ್ಟು, ಅಂದ್ರೆ ನಾಲ್ಕು ಇಲ್ಲಾ ಆರು ಕಡೆ ಬಿಗಿಯೋದು. ಆನ್‌ಲೈನಲ್ಲಿ ಎರಡು ಮೂರು ಸಾವಿರಕ್ಕೆಲ್ಲ ಸಿಗುತ್ತೆ, ಅಕ್ಸೆಸರೀಸ್ ಅಂಗಡಿಯಲ್ಲಿ ಒಂದು ಗಂಟೆಲಿ ಫಿಟ್ ಮಾಡಿ ಕೊಡ್ತಾರೆ. ಹಾಕ್ಸಿಕೊಂಡ ಹುಡುಗರನ್ನ ಕೇಳಿದ್ರೆ ಎಲ್ಲರದೂ ಒಂದೇ ಮಾತು, "ಅಣ್ಣ, ಕಂಪನಿ ಬೆಲ್ಟು ಒಂದು ಭುಜ ಹಿಡಿಯುತ್ತೆ, ಇದು ಎರಡೂ ಭುಜ ಹಿಡಿಯುತ್ತೆ, ಅಂದ್ಮೇಲೆ ಇದೇ ಜಾಸ್ತಿ ಸೇಫ್ ಅಲ್ವಾ?"

ಕೇಳೋಕೆ ಸರಿ ಅನ್ಸುತ್ತೆ, ಅದಕ್ಕೇ ಇದನ್ನ ಕೂತು ಬರೀಬೇಕು ಅನ್ನಿಸ್ತು. ಸ್ಟೈಲ್‌ಗೆ ಹಾಕ್ಸಿಕೊಂಡಿದ್ರೆ ಬೇರೆ ಮಾತು, ಆದ್ರೆ ಈ ಹುಡುಗರಲ್ಲಿ ಸುಮಾರು ಜನ ನಿಜವಾಗ್ಲೂ ಸೇಫ್ಟಿಗೆ ಅಂತಾನೇ ದುಡ್ಡು ಕೊಟ್ಟಿದ್ದಾರೆ, ಪಕ್ಕದ ಸೀಟಲ್ಲಿ ತಂಗಿನೋ ಹೆಂಡತಿನೋ ಕೂರ್ತಾರೆ ಅಂತ ಅಲ್ಲಿಗೂ ಒಂದು ಹಾಕ್ಸಿದ್ದಾರೆ. ಅವರಿಗೆ ಇದರಿಂದ ಸೇಫ್ಟಿ ಕಮ್ಮಿಯಾಗಿದೆ ಅಂತ ಯಾರೂ ಹೇಳಿಲ್ಲ.

ಮೊದಲು ಕಂಪನಿ ಕೊಟ್ಟಿರೋ ಬೆಲ್ಟ್ ಏನು ಅಂತ ನೋಡಣ. ಮೂರು ಪಾಯಿಂಟ್ ಬೆಲ್ಟನ್ನ ಈಗಿರೋ ರೂಪಕ್ಕೆ ತಂದಿದ್ದು ವೋಲ್ವೋ ಕಂಪನಿಯ ನಿಲ್ಸ್ ಬೋಲಿನ್ ಅನ್ನೋ ಇಂಜಿನಿಯರ್, 1959ರಲ್ಲಿ. ಅದಕ್ಕೆ ಮುಂಚೆ ಆತ ಸಾಬ್ ಕಂಪನಿಯಲ್ಲಿ ಯುದ್ಧ ವಿಮಾನದ ಇಜೆಕ್ಷನ್ ಸೀಟ್ ಮಾಡ್ತಿದ್ದವರು. ಇದು ಗಮನಿಸ್ಬೇಕಾದ ವಿಷಯ, ಯಾಕಂದ್ರೆ ಪೈಲಟ್‌ಗಳನ್ನ ಸೀಟಿಗೆ ಬಿಗಿದು ಕಟ್ಟೋದು ಹೇಗೆ ಅಂತ ಚೆನ್ನಾಗಿ ಗೊತ್ತಿದ್ದ ಮನುಷ್ಯನೇ ಕಾರಿಗೆ ಅಂತ ಬಂದಾಗ ಒಂದೇ ಕೈಯಲ್ಲಿ ಎಳೆದು ಹಾಕ್ಕೊಳ್ಳೋ ಬೆಲ್ಟ್ ಮಾಡಿದ್ರು, ದಿನಾ ಓಡಾಡೋ ಜನ ಹಾಕದೇ ಹೋದ್ರೆ ಎಂಥಾ ಬೆಲ್ಟ್ ಇದ್ದೂ ಏನ್ ಪ್ರಯೋಜನ. ವೋಲ್ವೋ ಆ ಪೇಟೆಂಟನ್ನ ಬೇರೆ ಕಂಪನಿಗಳೂ ಬಳಸೋಕೆ ಬಿಟ್ಟುಕೊಡ್ತು, ಅದಕ್ಕೇ ಇವತ್ತು ಎಲ್ಲಾ ಕಾರಲ್ಲೂ ಅದೇ ಇದೆ.

ಆದ್ರೆ ನಿಮ್ಮ ಕಾರಲ್ಲಿರೋದು ಬರೀ 1959ರ ಬೆಲ್ಟಲ್ಲ. ಬಾಗಿಲ ಪಕ್ಕದ ಪಿಲ್ಲರ್ ಒಳಗೆ ಬೆಲ್ಟ್ ಸುತ್ತಿಕೊಳ್ಳೋ ರಿಟ್ರ್ಯಾಕ್ಟರ್ ಇದೆ, ಮೆಲ್ಲಗೆ ಎಳೆದ್ರೆ ಬರುತ್ತೆ, ಜರ್ಕ್ ಆದ್ರೆ ಲಾಕ್ ಆಗುತ್ತೆ. ಈಚಿನ ಕಾರುಗಳಲ್ಲಿ ಅದರ ಜೊತೆ ಪ್ರಿಟೆನ್ಷನರ್ ಇರುತ್ತೆ, ಡಿಕ್ಕಿ ಆದ ತಕ್ಷಣ ಒಂದು ಚಿಕ್ಕ ಸ್ಫೋಟಕ ಚಾರ್ಜ್ ಸಿಡಿದು ಬೆಲ್ಟನ್ನ ಎದೆಗೆ ಬಿಗಿಯುತ್ತೆ. ಆಮೇಲೆ ಲೋಡ್ ಲಿಮಿಟರ್ ಅಂತ ಒಂದಿದೆ, ಇದರ ಬಗ್ಗೆ ಯಾರೂ ಮಾತಾಡಲ್ಲ, ಆದ್ರೆ ಇಡೀ ವಿಷಯದ ಜೀವ ಇಲ್ಲೇ ಇರೋದು. ಬೆಲ್ಟ್ ಮೇಲೆ ಬೀಳೋ ಬಲ ಒಂದು ಮಿತಿ ದಾಟಿದ್ರೆ, ಸಾಮಾನ್ಯವಾಗಿ 4ರಿಂದ 6 ಕಿಲೋನ್ಯೂಟನ್, ಅಂದ್ರೆ ಹತ್ತಿರ ಹತ್ತಿರ 400ರಿಂದ 600 ಕೆಜಿ ತೂಕದಷ್ಟು, ಒಳಗಿರೋ ಒಂದು ಲೋಹದ ಸರಳು ತಿರುಚ್ಕೊಂಡು ಬೆಲ್ಟನ್ನ ಸ್ವಲ್ಪ ಸ್ವಲ್ಪವೇ ಬಿಡುತ್ತೆ. ಬೇಕಂತಲೇ ಬಿಡುತ್ತೆ. ಎದೆಗೂಡು ಮುರೀದೇ ಇರ್ಲಿ ಅಂತ ಮೈಯನ್ನ ಕೆಲವು ಸೆಂಟಿಮೀಟರ್ ಮುಂದಕ್ಕೆ ಬಿಟ್ಟು, ಅಷ್ಟೊತ್ತಿಗೆ ತುಂಬಿ ನಿಂತಿರೋ ಏರ್‌ಬ್ಯಾಗಿಗೆ ಒಪ್ಪಿಸುತ್ತೆ. ಡಿಕ್ಕಿಯಿಂದ ಏರ್‌ಬ್ಯಾಗ್ ತುಂಬೋ ತನಕ ಎಲ್ಲಾ ಸೇರಿ ಸುಮಾರು 30ರಿಂದ 50 ಮಿಲಿಸೆಕೆಂಡ್. ಬೆಲ್ಟು, ಏರ್‌ಬ್ಯಾಗು, ಸೀಟು, ಸ್ಟೀರಿಂಗ್ ಕಾಲಮ್ಮು, ಇವೆಲ್ಲ ಒಂದಕ್ಕೊಂದು ಲೆಕ್ಕ ಹಾಕಿ ಕೂರಿಸಿರೋವು.

ಲೆಕ್ಕ ಅಂದೆ, ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಗಂಟೆಗೆ 50 ಕಿಮೀ ಅಂದ್ರೆ ಸೆಕೆಂಡಿಗೆ ಸುಮಾರು 14 ಮೀಟರ್. ಆ ವೇಗದಿಂದ ನಿಮ್ಮ ಮೈ ಅರ್ಧ ಮೀಟರ್ ಜಾಗದಲ್ಲಿ ನಿಲ್ಲಬೇಕು ಅಂದ್ರೆ ಸರಾಸರಿ 20 ಜಿ, ಅಂದ್ರೆ ಮೈತೂಕದ 20 ಪಟ್ಟು ಬಲ ಬೀಳುತ್ತೆ, 70 ಕೆಜಿ ಮನುಷ್ಯ ಆ ಕ್ಷಣಕ್ಕೆ 1400 ಕೆಜಿ ಥರ ಮುಂದಕ್ಕೆ ಹೋಗ್ತಾನೆ. ನಿಲ್ಲೋಕೆ ಸಿಗೋ ಜಾಗ ಅರ್ಧ ಆದ್ರೆ ಜಿ ಡಬಲ್. ಅದಕ್ಕೇ ಕಾರಿನ ಬಾನೆಟ್ ನಜ್ಜುಗುಜ್ಜಾಗೋ ಥರ ಮಾಡಿರೋದು, ಅದಕ್ಕೇ ಲೋಡ್ ಲಿಮಿಟರ್ ಇರೋದು. ಒಂದೊಂದು ಸೆಂಟಿಮೀಟರ್‌ಗೂ ಬೆಲೆ ಇದೆ ಅಲ್ಲಿ.

ಈಗ ಹಾರ್ನೆಸ್‌ಗೆ ಬರಣ. ರೇಸ್ ಕಾರಲ್ಲಿ ಅದು ಕೆಲಸ ಮಾಡುತ್ತೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಅಲ್ಲಿ ಹಾರ್ನೆಸ್ ಒಂಟಿಯಾಗಿಲ್ಲ. ಅಲುಗಾಡದ ಬಕೆಟ್ ಸೀಟಿದೆ, ಆ ಸೀಟಲ್ಲಿ ಭುಜದ ಪಟ್ಟಿ ಬರೋಕೆ ತೂತಿದೆ, ಎರಡೂ ಕಾಲಿನ ಮಧ್ಯದಿಂದ ಬರೋ ಪಟ್ಟಿ ಇದೆ, ಸುತ್ತ ಉಕ್ಕಿನ ಪೈಪಿನ ಪಂಜರ, ಅಂದ್ರೆ ರೋಲ್ ಕೇಜ್ ಇದೆ, ತಲೆಗೆ ಹೆಲ್ಮೆಟ್ ಇದೆ, ಹೆಲ್ಮೆಟ್ಟನ್ನ ಭುಜಕ್ಕೆ ಕಟ್ಟೋ ಹ್ಯಾನ್ಸ್ ಡಿವೈಸ್ ಇದೆ. ಇವುಗಳಲ್ಲಿ ಒಂದನ್ನ ಮಾತ್ರ ಕಿತ್ಕೊಂಡು ಬಂದು ಮಾಮೂಲಿ ಕಾರಿಗೆ ಹಾಕಿದ್ರೆ ಏನಾಗುತ್ತೆ?

ಕತ್ತಿನಿಂದ ಶುರು ಮಾಡಣ. ಎರಡೂ ಭುಜ ಬಿಗಿದು ಕಟ್ಟಿದ ಮೇಲೆ ಎದೆ ಮುಂದಕ್ಕೆ ಬರಲ್ಲ, ತಲೆಗೆ ಮಾತ್ರ ಕಟ್ಟಿಲ್ಲ. ನಾಲ್ಕೂವರೆ ಐದು ಕೆಜಿ ತಲೆ 20 ಜಿಯಲ್ಲಿ 100 ಕೆಜಿ ಆಗಿ ಮುಂದಕ್ಕೆ ಎಗರುತ್ತೆ, ಅದನ್ನೆಲ್ಲ ತಡೆಯೋದು ಕತ್ತು ಒಂದೇ. ತಲೆಬುರುಡೆಯ ತಳ ಬಿರುಕು ಬಿಡೋದು ಈ ಥರಾನೇ. 1994ರಲ್ಲಿ ಇಮೋಲಾದಲ್ಲಿ ರೋಲಂಡ್ ರಾಟ್ಜೆನ್‌ಬರ್ಗರ್, 2001ರ ಫೆಬ್ರವರಿಯಲ್ಲಿ ಡೇಟೋನಾದಲ್ಲಿ ಡೇಲ್ ಅರ್ನ್‌ಹಾರ್ಟ್, ಇಬ್ಬರೂ ಸತ್ತಿದ್ದು ಇಂಥಾ ಗಾಯದಿಂದ, ಇಬ್ಬರೂ ಹಾರ್ನೆಸ್ ಹಾಕಿದ್ದ ಪ್ರೊಫೆಷನಲ್‌ಗಳು. ಇದಕ್ಕೆ ಪರಿಹಾರ ಅಂತ ರಾಬರ್ಟ್ ಹಬ್ಬರ್ಡ್ ಅನ್ನೋ ಪ್ರೊಫೆಸರ್ರು ಜಿಮ್ ಡೌನಿಂಗ್ ಅನ್ನೋ ರೇಸರ್ ಜೊತೆ ಸೇರಿ 1980ರ ದಶಕದಲ್ಲೇ ಹ್ಯಾನ್ಸ್ ಮಾಡಿಟ್ಟಿದ್ರು, ತುಂಬಾ ಡ್ರೈವರ್‌ಗಳು ಕಿರಿಕಿರಿ ಅಂತ ಹಾಕ್ತಿರ್ಲಿಲ್ಲ. ಅರ್ನ್‌ಹಾರ್ಟ್ ಸತ್ತ ವರ್ಷವೇ ಅಮೆರಿಕದ ಕಾರ್ ರೇಸ್ ಸಂಸ್ಥೆ ನಾಸ್ಕಾರ್ ತಲೆ ಕತ್ತಿನ ರಕ್ಷಣೆ ಕಡ್ಡಾಯ ಮಾಡ್ತು, ಫಾರ್ಮುಲಾ ಒನ್ 2003ರಲ್ಲಿ ಹ್ಯಾನ್ಸ್ ಕಡ್ಡಾಯ ಮಾಡ್ತು. ಅಂದ್ರೆ ರೇಸಿಂಗ್ ಪ್ರಪಂಚವೇ ಬರೀ ಹಾರ್ನೆಸ್ ಸಾಲಲ್ಲ ಅಂತ ತೀರ್ಮಾನಕ್ಕೆ ಬಂದು ಇಪ್ಪತ್ತು ವರ್ಷದ ಮೇಲಾಯ್ತು, ನಾವು ಇಲ್ಲಿ ಚಿಕ್ಕಬಳ್ಳಾಪುರದ ಬಿಬಿ ರೋಡಲ್ಲಿ ಬರೀ ಹಾರ್ನೆಸ್ ಹಾಕ್ಸಿಕೊಂಡು ಹೆದ್ದಾರಿಗೆ ಇಳೀತಿದ್ದೀವಿ.

ಮೂರು ಪಾಯಿಂಟ್ ಬೆಲ್ಟಲ್ಲಿ ಒಂದು ಭುಜ ಫ್ರೀ ಇರೋದ್ರಿಂದ ಮೈ ಸ್ವಲ್ಪ ತಿರುಗಿ ಎದೆ, ತಲೆ ಒಟ್ಟಿಗೇ ಮುಂದಕ್ಕೆ ಬರುತ್ತೆ, ಕತ್ತಿನ ಮೇಲೆ ಅಷ್ಟು ಹೊರೆ ಬೀಳಲ್ಲ. ಒಂದು ಭುಜ ಬಿಟ್ಟಿರೋದನ್ನ ಕೊರತೆ ಅಂತ ತಿಳ್ಕೊಂಡಿದ್ದೀವಲ್ಲ, ಅದೇ ಇಲ್ಲಿ ಉಪಕಾರ ಮಾಡೋದು.

ಇನ್ನೊಂದು ಸಬ್‌ಮರೀನಿಂಗ್. ನಾಲ್ಕು ಪಾಯಿಂಟ್ ಹಾರ್ನೆಸ್ಸಲ್ಲಿ ಭುಜದ ಪಟ್ಟಿಗಳು ಬಂದು ಸೇರೋದು ಹೊಟ್ಟೆ ಮೇಲಿರೋ ಬಕಲ್‌ಗೆ, ಸೊಂಟದ ಪಟ್ಟಿನೂ ಅದೇ ಬಕಲ್‌ಗೆ. ಡಿಕ್ಕಿ ಆದಾಗ ಭುಜದ ಪಟ್ಟಿಗಳು ಬಕಲನ್ನ ಮೇಲಕ್ಕೆ ಎಳೀತವೆ, ಅದರ ಜೊತೆ ಸೊಂಟದ ಪಟ್ಟಿ ಸೊಂಟದ ಮೂಳೆ ಬಿಟ್ಟು ಹೊಟ್ಟೆಗೆ ಏರುತ್ತೆ, ಮೈ ಅದರ ಕೆಳಗಿಂದ ಜಾರ್ಕೊಂಡು ಹೋಗುತ್ತೆ. ಕರುಳು, ಲಿವರ್ರು, ಗುಲ್ಮ, ಎಲ್ಲಾ ಪಟ್ಟಿಗೆ ಸಿಕ್ಕಾಕೊಳ್ಳುತ್ತೆ. ಆ ಬಕಲನ್ನ ಕೆಳಗೆ ಹಿಡಿದಿಡೋಕೇ ಕಾಲಿನ ಮಧ್ಯದ ಪಟ್ಟಿ ಇರೋದು. ಕಂಪನಿ ಸೀಟಲ್ಲಿ ಅದಕ್ಕೆ ತೂತಿಲ್ಲ, ಅದಕ್ಕೇ ಅಂಗಡಿಯವರು ನಾಲ್ಕು ಪಾಯಿಂಟೇ ಮಾರ್ತಾರೆ, ಆರು ಪಾಯಿಂಟ್ ತಂದವರಿಗೂ ಕೆಳಗಿನ ಎರಡು ಪಟ್ಟಿ ಬಿಚ್ಚಿ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಕೈಗೆ ಕೊಡ್ತಾರೆ. ಜರ್ಮನಿಯ ಶ್ರೋತ್ ಕಂಪನಿ ಇದಕ್ಕೊಂದು ಉಪಾಯ ಮಾಡಿತ್ತು, ಒಂದು ಭುಜದ ಪಟ್ಟಿಯಲ್ಲಿ ಮಡಿಕೆ ಹಾಕಿ ಹೊಲಿದಿರ್ತಾರೆ, ಡಿಕ್ಕಿಯಲ್ಲಿ ಆ ಹೊಲಿಗೆ ಹರಿದು ಒಂದು ಭುಜ ಮುಂದಕ್ಕೆ ಬಂದು ಮೈ ತಿರುಗುತ್ತೆ, ಅಂದ್ರೆ ನಾಲ್ಕು ಪಾಯಿಂಟ್ ಬೆಲ್ಟನ್ನ ಮೂರು ಪಾಯಿಂಟಿನ ಥರ ನಡ್ಕೊಳ್ಳೋ ಹಾಗೆ ಮಾಡೋದು. ಇದನ್ನ ಓದಿದಾಗ ನನಗೆ ಕಂಪನಿ ಬೆಲ್ಟಿನ ಮೇಲೆ ಇನ್ನೂ ಗೌರವ ಬಂತು.

ಪಲ್ಟಿ ಆಗೋ ವಿಷಯಾನೂ ಹೇಳ್ಬೇಕು, ನಂದಿ ರೋಡಲ್ಲಿ ತಿರುವುಗಳೇ ಜಾಸ್ತಿ. ಕಾರು ಮಗುಚಿ ರೂಫ್ ಒಳಕ್ಕೆ ಕುಸಿದ್ರೆ ಮೂರು ಪಾಯಿಂಟ್ ಬೆಲ್ಟಲ್ಲಿ ಮೈ ಪಕ್ಕಕ್ಕೆ ವಾಲೋಕೆ ಸ್ವಲ್ಪ ಅವಕಾಶ ಇದೆ. ಹಾರ್ನೆಸ್ಸಲ್ಲಿ ನೆಟ್ಟಗೆ ಕಂಬದ ಥರ ನಿಲ್ಲಿಸಿಬಿಟ್ಟಿರುತ್ತೆ, ತಲೆ ನೇರ ರೂಫ್ ಕೆಳಗೆ. ಅದಕ್ಕೇ ಹಾರ್ನೆಸ್ ಇದ್ರೆ ಕೇಜ್ ಬೇಕು ಅನ್ನೋದು. ಹಾಗಂತ ಓಡಾಡೋ ಕಾರಿಗೆ ಕೇಜ್ ಹಾಕ್ಸಿದ್ರೆ ಹೆಲ್ಮೆಟ್ ಇಲ್ಲದ ತಲೆಗೆ ನಾಲ್ಕು ಇಂಚು ದೂರದಲ್ಲಿ ಉಕ್ಕಿನ ಪೈಪ್ ಬಂದು ಕೂರುತ್ತೆ, ಸಣ್ಣ ಡಿಕ್ಕಿಗೂ ತಲೆ ಅದಕ್ಕೇ ಬಡಿಯೋದು. ಒಂದನ್ನ ಸರಿ ಮಾಡೋಕೆ ಹೋದ್ರೆ ಇನ್ನೊಂದು, ಅದನ್ನ ಸರಿ ಮಾಡೋಕೆ ಮತ್ತೊಂದು, ಕೊನೆಗೆ ಪೂರ್ತಿ ರೇಸ್ ಕಾರೇ ಆಗ್ಬೇಕು.

ಫಿಟ್ಟಿಂಗ್ ಬಗ್ಗೆ ಸ್ವಲ್ಪ ವಿವರವಾಗಿ ಬರೀತೀನಿ, ಯಾಕಂದ್ರೆ ನಾನು ಹತ್ತಿರದಿಂದ ನೋಡಿರೋದು ಇದನ್ನೇ. ಒಂದು ಹ್ಯಾಚ್‌ಬ್ಯಾಕಿಗೆ ಹಾಕ್ತಿದ್ರು. ಹಿಂದಿನ ಸೀಟಿನ ಕುಶನ್ ಎತ್ತಿದ್ರು, ಕೆಳಗೆ ಹಿಂದಿನವರ ಬೆಲ್ಟಿನ ಬಕಲ್ ಬೋಲ್ಟ್ ಮಾಡಿರೋ ಜಾಗ, ಅದನ್ನ ಬಿಚ್ಚಿ ಅಲ್ಲಿಗೆ ಹಾರ್ನೆಸ್‌ನ ಭುಜದ ಪಟ್ಟಿ ಹಾಕಿದ್ರು. ಬಲಗಡೆ ಬೋಲ್ಟ್ ಸರಿಯಾಗಿ ಕೂತ್ಕೊಳ್ತು. ಎಡಗಡೆ ಹಾರ್ನೆಸ್ ಜೊತೆ ಬಂದಿದ್ದ ಐ-ಬೋಲ್ಟ್, ಅಂದ್ರೆ ತಲೆಯಲ್ಲಿ ಬಳೆ ಇರೋ ಬೋಲ್ಟ್, ಎರಡು ಸುತ್ತು ಹೋಗಿ ಗಟ್ಟಿಯಾಯ್ತು, ಹುಡುಗ ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ತಿರುಗಿಸಿದ, ಕಿರ್ ಅಂತ ಸದ್ದು ಬಂತು, ಕೂತ್ಕೊಳ್ತು ಅಂದ. ಕೂತ್ಕೊಂಡಿದ್ದಲ್ಲ, ಥ್ರೆಡ್ ಹೋಗಿದ್ದು. ಸೀಟ್ ಬೆಲ್ಟಿನ ಬೋಲ್ಟುಗಳು ಬಹಳಷ್ಟು ಕಾರಲ್ಲಿ 7/16 ಇಂಚು, ಇಂಚಿಗೆ 20 ಥ್ರೆಡ್ ಇರೋವು, ಹೈ ಟೆನ್ಸೈಲ್ ಉಕ್ಕು, ಹಾರ್ಡ್‌ವೇರ್ ಅಂಗಡಿಯ ಮಿಲಿಮೀಟರ್ ಬೋಲ್ಟ್ ನೋಡೋಕೆ ಹಾಗೇ ಇದ್ರೂ ಅದಕ್ಕೆ ಕೂರಲ್ಲ. ಹಿಂದಿನ ಸೀಟಿನ ಒಂದು ಬಕಲ್ ವಾಪಸ್ ಹಾಕೋಕೆ ಜಾಗವೇ ಇರ್ಲಿಲ್ಲ, ಅದನ್ನ ಲಗೇಜ್ ಇಡೋ ಜಾಗದಲ್ಲಿ ಹಾಕಿ ಕಳಿಸಿದ್ರು.

ಇನ್ನು ಕೆಲವರು ಮುಂದಿನ ಸೀಟಿನ ಹಿಂದೇನೇ ನೆಲದ ಶೀಟ್ ಕೊರೆದು ಐ-ಬೋಲ್ಟ್ ಹಾಕಿ ಒಂದು ವಾಷರ್ ಕೊಟ್ಟು ಮುಗಿಸ್ತಾರೆ. ಆ ಶೀಟ್ ಒಂದು ಮಿಲಿಮೀಟರಿಗಿಂತ ತೆಳು. ರೇಸಿಂಗ್ ಸಂಸ್ಥೆ ಎಫ್‌ಐಎ ನಿಯಮದಲ್ಲಿ ಹೊಸ ಆಂಕರ್, ಅಂದ್ರೆ ಬೆಲ್ಟ್ ಬಿಗಿಯೋ ಜಾಗ, ಕೊರೆದ್ರೆ ಹಿಂದೆ ಕನಿಷ್ಠ 40 ಚದರ ಸೆಂಟಿಮೀಟರ್ ಅಗಲದ, 3 ಮಿಲಿಮೀಟರ್ ದಪ್ಪದ ಉಕ್ಕಿನ ಪ್ಲೇಟ್ ಇರ್ಬೇಕು ಅಂತಿದೆ, ಆ ಪಾಯಿಂಟ್ 1470 ಡೆಕಾನ್ಯೂಟನ್ ತಡೀಬೇಕು, ನಮ್ಮ ಲೆಕ್ಕದಲ್ಲಿ ಹೇಳೋದಾದ್ರೆ ಒಂದೂವರೆ ಟನ್. ವಾಷರ್ ಒಂದೂವರೆ ಟನ್ ತಡೆಯಲ್ಲ, ಶೀಟ್ ಹರ್ಕೊಂಡು ಬರುತ್ತೆ. ಮತ್ತೆ ಕೋನ. ಭುಜದ ಪಟ್ಟಿ ಸೀಟಿನ ಮೇಲ್ತುದಿಯಿಂದ ಹಿಂದಕ್ಕೆ ಹೋಗುವಾಗ ಕೆಳಗೆ 45 ಡಿಗ್ರಿಗಿಂತ ಜಾಸ್ತಿ ಇಳೀಬಾರದು, 10 ಡಿಗ್ರಿ ಒಳಗಿದ್ರೆ ಒಳ್ಳೇದು ಅಂತಾರೆ. ಯಾಕೆ ಅಂದ್ರೆ 45 ಡಿಗ್ರಿಯಲ್ಲಿ ಪಟ್ಟಿ ಮೈಯನ್ನ ಹಿಂದಕ್ಕೆ ಎಷ್ಟು ಎಳೆಯುತ್ತೋ ಅಷ್ಟೇ ಬಲದಲ್ಲಿ ಭುಜವನ್ನ ಕೆಳಗೂ ಒತ್ತುತ್ತೆ, ಅದೆಲ್ಲ ಬೀಳೋದು ಬೆನ್ನುಮೂಳೆ ಮೇಲೆ. ಸೀಟಿನ ಹಿಂದೆ ನೆಲಕ್ಕೇ ಬೋಲ್ಟ್ ಮಾಡಿದ್ರೆ ಪಟ್ಟಿ ಹತ್ತಿರ ಹತ್ತಿರ ನೇರ ಕೆಳಗೆ ಇಳಿಯುತ್ತೆ. ಇದನ್ನ ಹಾಕ್ಕೊಂಡು ಗುದ್ದಿದ್ರೆ ಬೆನ್ನುಮೂಳೆಯ ಗತಿ ಏನು ಅಂತ ನೀವೇ ಯೋಚ್ನೆ ಮಾಡಿ.

ಇಷ್ಟೆಲ್ಲ ಆದ್ಮೇಲೂ ಕೆಲವರು ಒಂದು ಒಳ್ಳೇ ಪ್ರಶ್ನೆ ಕೇಳ್ತಾರೆ, ಹಾಗಾದ್ರೆ ಮಕ್ಕಳ ಸೀಟಲ್ಲಿ ಐದು ಪಾಯಿಂಟ್ ಬೆಲ್ಟ್ ಯಾಕೆ ಕೊಡ್ತಾರೆ ಅಂತ. ಸಣ್ಣ ಮಕ್ಕಳ ಸೊಂಟದ ಮೂಳೆ ಇನ್ನೂ ಬಲಿತಿರಲ್ಲ, ಸೊಂಟದ ಪಟ್ಟಿ ಒಂದನ್ನೇ ನಂಬೋಕಾಗಲ್ಲ, ಅದಕ್ಕೆ ಬಲವನ್ನ ಹಂಚೋಕೆ ಭುಜ, ಸೊಂಟ, ಕಾಲಿನ ಮಧ್ಯ ಎಲ್ಲಾ ಕಡೆ ಪಟ್ಟಿ. ಆ ಸೀಟಿಗೆ ಅದರದೇ ಗಟ್ಟಿ ಚಿಪ್ಪಿದೆ, ಬೆಲ್ಟು ಸೀಟು ಸೇರಿಸಿ ಒಟ್ಟಿಗೇ ಟೆಸ್ಟ್ ಮಾಡಿರ್ತಾರೆ, ತೀರಾ ಚಿಕ್ಕವರನ್ನ ಹಿಂದಕ್ಕೆ ಮುಖ ಮಾಡಿ ಕೂರ್ಸೋದೂ ಕತ್ತು ಉಳಿಸೋಕೇನೇ. ದಯವಿಟ್ಟು ಮಕ್ಕಳ ಸೀಟಿನ ಬೆಲ್ಟನ್ನ ಪೂರ್ತಿ ಹಾಕಿ, ಅದು ಸರಿಯಾದ ಜಾಗದಲ್ಲಿರೋ ಹಾರ್ನೆಸ್ಸು.

ಈಗ ಕಾನೂನು. "ಹಾರ್ನೆಸ್ ನಿಷೇಧ" ಅಂತ ನೇರವಾಗಿ ಬರೆದಿರೋ ಕಲಂ ಹುಡುಕಿದ್ರೆ ಸಿಗಲ್ಲ, ಅದನ್ನೇ ಹಿಡ್ಕೊಂಡು ಅಂಗಡಿಯವರು ಲೀಗಲ್ ಅಂತಾರೆ. ಆದ್ರೆ ಇರೋ ನಿಯಮಗಳನ್ನ ಒಟ್ಟಿಗೆ ಇಟ್ಟು ಓದಿದ್ರೆ ಉತ್ತರ ಬೇರೆನೇ ಬರುತ್ತೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರಲ್ಲಿ ನಿಯಮ 125 ಪ್ರಕಾರ ಕಾರು ತಯಾರಕರು ಸೀಟ್ ಬೆಲ್ಟ್ ಕೊಡ್ಬೇಕು, ಅದು ನಿಗದಿ ಮಾಡಿರೋ ಸ್ಟ್ಯಾಂಡರ್ಡಿಗೆ ತಕ್ಕಂತೆ ಇರ್ಬೇಕು. ನಿಯಮ 138ರ ಉಪನಿಯಮ 3 ಏನ್ ಹೇಳುತ್ತೆ ಅಂದ್ರೆ, ಹಾಗೆ ನಿಯಮ 125ರ ಕೆಳಗೆ ಕೊಟ್ಟಿರೋ ಬೆಲ್ಟನ್ನ ಗಾಡಿ ಓಡ್ತಿರುವಾಗ ಡ್ರೈವರ್ರು, ಮುಂದಿನ ಸೀಟಲ್ಲಿರೋರು, ಮುಂದಕ್ಕೆ ಮುಖ ಮಾಡಿರೋ ಹಿಂದಿನ ಸೀಟಲ್ಲಿರೋರು ಹಾಕ್ಕೊಂಡಿರ್ಬೇಕು. ಅಂದ್ರೆ ಯಾವುದೋ ಒಂದು ಬೆಲ್ಟ್ ಮೈಮೇಲಿದ್ರೆ ಸಾಲಲ್ಲ, ಕಾರಿನ ಜೊತೆ ಕೊಟ್ಟಿರೋದನ್ನ ಹಾಕ್ಬೇಕು ಅನ್ನೋ ಅರ್ಥನೇ ನನಗೆ ಅಲ್ಲಿ ಕಾಣೋದು. ಅದನ್ನ ಬಿಟ್ಟು ಬರೀ ಹಾರ್ನೆಸ್ ಹಾಕಿ ಓಡಿಸಿದ್ರೆ ಮೋಟಾರು ವಾಹನ ಕಾಯ್ದೆಯ ಕಲಂ 194ಬಿ ಬರುತ್ತೆ, 2019ರ ತಿದ್ದುಪಡಿಯಲ್ಲಿ ಸೇರಿಸಿದ್ದು, ಕಾಯ್ದೆಯಲ್ಲಿ ದಂಡ 1000 ರೂಪಾಯಿ. ಚೆಕ್‌ಪೋಸ್ಟಲ್ಲಿ ಪೊಲೀಸ್ರು ಭುಜದ ಮೇಲೆ ಪಟ್ಟಿ ನೋಡಿ ಬಿಟ್ಟು ಕಳಿಸ್ಬೋದು, ಕಳಿಸ್ತಾರೆ ಕೂಡ, ಆದ್ರೆ ಪೊಲೀಸ್ರು ಬಿಟ್ರು ಅಂದ್ರೆ ಕಾನೂನು ಬಿಟ್ಟಂಗಲ್ಲ.

"ಇದರ ಮೇಲೆ ಎಫ್‌ಐಎ ಲೇಬಲ್ ಇದೆ ಸಾರ್" ಅಂತಾರೆ. ಎಫ್‌ಐಎ ಹೋಮೋಲೋಗೇಷನ್, ಅಂದ್ರೆ ಅವರ ಒಪ್ಪಿಗೆ, ಇರೋದು ಸ್ಪರ್ಧೆಗೆ, ರೋಡಿಗಲ್ಲ. ರೋಡ್ ಕಾರಿನ ಬೆಲ್ಟಿಗೆ ಯುರೋಪಿನಲ್ಲಿ ಇಸಿಇ ಆರ್16, ಅಮೆರಿಕದಲ್ಲಿ ಎಫ್‌ಎಂವಿಎಸ್‌ಎಸ್ 209, ನಮ್ಮಲ್ಲಿ ಎಐಎಸ್ ಮತ್ತೆ ಐಎಸ್ ಸ್ಟ್ಯಾಂಡರ್ಡುಗಳು. ಗಾಡಿಗಳನ್ನ ಪರೀಕ್ಷೆ ಮಾಡೋ ಪುಣೆಯ ಎಆರ್‌ಎಐ ಥರದ ಸಂಸ್ಥೆಗಳು ಒಂದು ಮಾಡೆಲ್ಲಿಗೆ ಟೈಪ್ ಅಪ್ರೂವಲ್ ಅಂತ ಒಪ್ಪಿಗೆ ಕೊಡುವಾಗ ಆ ಮಾಡೆಲ್ಲಿನ ಬೆಲ್ಟು, ಆ ಬೆಲ್ಟಿನ ಆಂಕರ್ ಎಲ್ಲಾ ಪರೀಕ್ಷೆ ಮಾಡಿರ್ತವೆ, ನೀವು ಆಮೇಲೆ ಹಾಕ್ಸಿದ್ದು ಅದರಲ್ಲಿ ಇಲ್ಲ. ಇನ್ನೊಂದು, ನಿಜವಾದ ಎಫ್‌ಐಎ ಹಾರ್ನೆಸ್ಸಿನ ಲೇಬಲ್ ಮೇಲೆ ಎಕ್ಸ್‌ಪೈರಿ ವರ್ಷ ಇರುತ್ತೆ, ಐದು ವರ್ಷದ ಲೆಕ್ಕ, ಅಮೆರಿಕದ ಎಸ್‌ಎಫ್‌ಐ ಲೇಬಲ್ಲಾದ್ರೆ ಎರಡೇ ವರ್ಷ. ಬಿಸಿಲು ಬಿದ್ದು ಬಿದ್ದು ಪಟ್ಟಿಯ ಪಾಲಿಯೆಸ್ಟರ್ ಬಲ ಕಳ್ಕೊಳ್ಳುತ್ತೆ ಅಂತಾನೇ ಈ ನಿಯಮ. ಒರಿಜಿನಲ್ ಹಾರ್ನೆಸ್ಸು ಈ ಎರಡು ಮೂರು ಸಾವಿರಕ್ಕೆ ಬರಲ್ಲ, ಅದರ ಎಷ್ಟೋ ಪಟ್ಟು ಆಗುತ್ತೆ. ಕಮ್ಮಿ ರೇಟಿಂದು ಅಂದ್ರೆ ಲೇಬಲ್ ಹೊಲಿದಿರೋ ನಕಲಿ, ಅದರ ಹೊಲಿಗೆ ಎಷ್ಟು ತಡೆಯುತ್ತೆ ಅಂತ ಟೆಸ್ಟ್ ಮಾಡಿದವರು ಯಾರೂ ಇಲ್ಲ.

ಮಾಡಿಫಿಕೇಷನ್ ಕಲಂ ಬೇರೆ ಇದೆ. ಕಲಂ 52 ಪ್ರಕಾರ ಆರ್‌ಸಿಯಲ್ಲಿರೋ ವಿವರಗಳು ತಯಾರಕರು ಮೊದಲು ಕೊಟ್ಟಿದ್ದಕ್ಕಿಂತ ಬೇರೆ ಆಗೋ ಥರ ಗಾಡಿ ಬದಲಾಯಿಸೋ ಹಾಗಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನ ಕಟ್ಟುನಿಟ್ಟಾಗಿ ಓದಿ ತೀರ್ಪು ಕೊಟ್ಟಿದೆ. ಕಂಪನಿ ಬೆಲ್ಟ್ ಹಾಗೇ ಇಟ್ಟು ಪಕ್ಕದಲ್ಲಿ ಹಾರ್ನೆಸ್ ನೇತಾಕಿದ್ರೆ ಆರ್‌ಸಿ ವಿವರ ಬದಲಾಗಲ್ಲ, ಅಷ್ಟರ ಮಟ್ಟಿಗೆ ವಾದ ಮಾಡೋಕೆ ಜಾಗ ಇದೆ ಅಂತ ಒಪ್ಕೊಳ್ತೀನಿ. ಆದ್ರೆ ಪಟ್ಟಿ ಕಟ್ಟೋಕೆ ಅಡ್ಡ ಹಾಕೋ ಹಾರ್ನೆಸ್ ಬಾರ್‌ಗೋ ಕೇಜ್‌ಗೋ ಅಂತ ಹಿಂದಿನ ಸೀಟ್ ಕಿತ್ತಾಕಿದ್ರೆ ಸೀಟಿಂಗ್ ಕೆಪ್ಯಾಸಿಟಿ ಬದಲಾಯ್ತು, ಅದು ಆರ್‌ಸಿಯಲ್ಲೇ ಇರೋ ಅಂಕಿ, ಅಲ್ಲಿ ವಾದ ಇಲ್ಲ. ಕಾಯ್ದೆ ಒಪ್ಪದ ರೀತಿ ಪಾರ್ಟ್ ಹಾಕಿ ಗಾಡಿ ಬದಲಾಯಿಸಿದ್ರೆ ಕಲಂ 182ಎ ಪ್ರಕಾರ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲಾ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಇಲ್ಲಾ ಎರಡೂ. ಸೀಟ್ ಬೆಲ್ಟ್ ಕಿತ್ತು ಬೇರೆ ಹಾಕೋದು ಇದರ ಕೆಳಗೆ ಬರಲ್ಲ ಅಂತ ಧೈರ್ಯವಾಗಿ ಹೇಳೋ ಲಾಯರ್ ಯಾರಾದ್ರೂ ಇದ್ರೆ ಅವರ ಹತ್ರ ಬರವಣಿಗೆಯಲ್ಲಿ ತಗೊಳ್ಳಿ.

ಕಂಪನಿ ಬೆಲ್ಟ್ ಹಾಕದೇ ಹೋದ್ರೆ ಡ್ಯಾಶ್‌ಬೋರ್ಡಲ್ಲಿ ಬೀಪ್ ಬೀಪ್ ಅನ್ನುತ್ತಲ್ಲ, ಅದನ್ನ ನಿಲ್ಸೋಕೆ ಬಕಲ್‌ಗೆ ಸುಳ್ಳು ಕ್ಲಿಪ್ ಸಿಕ್ಕಿಸ್ತಾರೆ. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಹತ್ರ ಸೈರಸ್ ಮಿಸ್ತ್ರಿ ಹಿಂದಿನ ಸೀಟಲ್ಲಿ ಬೆಲ್ಟ್ ಇಲ್ದೇ ಕೂತಿದ್ದಾಗ ಅಪಘಾತದಲ್ಲಿ ತೀರಿಕೊಂಡ್ರಲ್ಲ, ಅದಾದ್ಮೇಲೆ ಈ ಕ್ಲಿಪ್ಪುಗಳ ಮೇಲೆ ಗಮನ ಬಿತ್ತು, 2023ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಮಾರಾಟ ಕಂಪನಿಗಳಿಗೆ ಇದನ್ನ ತೆಗೀರಿ ಅಂತ ಆದೇಶ ಕೊಡ್ತು. ಕೆಲವು ಕಾರುಗಳಲ್ಲಿ ಏರ್‌ಬ್ಯಾಗ್ ಕಂಪ್ಯೂಟರ್ ಬೆಲ್ಟ್ ಹಾಕಿದ್ದಾರಾ ಇಲ್ವಾ ನೋಡ್ಕೊಂಡೇ ನಿರ್ಧಾರ ತಗೊಳ್ಳುತ್ತೆ, ಕ್ಲಿಪ್ ಹಾಕಿದ್ರೆ ಅದಕ್ಕೆ ಸುಳ್ಳು ಹೇಳಿದಂಗೆ.

ಹೊರದೇಶದಲ್ಲಿ ಎಲ್ಲಾ ಓಪನ್ನು ಅನ್ನೋರಿಗೆ ಒಂದು ಉದಾಹರಣೆ. ಪೋರ್ಶೆ ಜಿಟಿ3 ಕಾರಿಗೆ ಯುರೋಪಲ್ಲಿ ಕ್ಲಬ್‌ಸ್ಪೋರ್ಟ್ ಪ್ಯಾಕೇಜ್ ಅಂತ ಕೊಡ್ತಾರೆ, ಅರ್ಧ ಕೇಜು, ಬೆಂಕಿ ಆರಿಸೋ ಸಿಲಿಂಡರ್ರು, ಡ್ರೈವರ್‌ಗೆ ಆರು ಪಾಯಿಂಟ್ ಹಾರ್ನೆಸ್ಸು. ಹಾರ್ನೆಸ್ಸನ್ನ ಪ್ರತ್ಯೇಕವಾಗಿ ಕೈಗೆ ಕೊಡ್ತಾರೆ, ಕಾರಲ್ಲಿ ಮೂರು ಪಾಯಿಂಟ್ ಬೆಲ್ಟ್ ಹಾಗೇ ಇರುತ್ತೆ. ರೇಸಿಂಗಲ್ಲಿ ಅಷ್ಟು ವರ್ಷ ಕಳೆದ ಕಂಪನಿನೇ ರೋಡಿಗೆ ಮೂರು ಪಾಯಿಂಟು, ಟ್ರ್ಯಾಕಿಗೆ ಆರು ಅಂತ ಬೇರೆ ಮಾಡಿಟ್ಟಿದೆ. ಇಂಗ್ಲೆಂಡಿನ ಕೇಟರ್‌ಹ್ಯಾಮ್ ಥರದ ಪುಟ್ಟ ಕಾರುಗಳು ನಾಲ್ಕು ಪಾಯಿಂಟ್ ಬೆಲ್ಟಲ್ಲೇ ರೋಡಿಗೆ ಬರೋದು ನಿಜ, ಅಲ್ಲಿ ಕಾರು ತಯಾರಕರೇ ಅದನ್ನ ಲೆಕ್ಕಕ್ಕೆ ತಗೊಂಡು ಮಾಡಿರ್ತಾರೆ.

ಇನ್ಶೂರೆನ್ಸ್ ಬಗ್ಗೆ ಸ್ವಲ್ಪದರಲ್ಲೇ ಹೇಳ್ತೀನಿ. ನಮ್ಮ ಸಾಮಾನ್ಯ ಪಾಲಿಸಿಯಲ್ಲಿ ಸಂಘಟಿತ ರೇಸಿಂಗ್, ಸ್ಪೀಡ್ ಟೆಸ್ಟಿಂಗ್‌ಗೆ ಕವರ್ ಇಲ್ಲ ಅಂತ ಬರೆದಿರುತ್ತೆ. ಅಪಘಾತ ಆದ ಕಾರಲ್ಲಿ ಹಾರ್ನೆಸ್ಸು, ಕಿತ್ತಿರೋ ಬೆಲ್ಟು ಸರ್ವೇಯರ್ ಕಣ್ಣಿಗೆ ಬಿದ್ರೆ ಮೊದಲು ಹೇಳದೇ ಮಾಡ್ಸಿದ ಬದಲಾವಣೆ ಅಂತ ಕ್ಲೇಮಿಗೆ ತಕರಾರು ಬರೋಕೆ ಅಷ್ಟೇ ಸಾಕು.

ನಮ್ಮ ರೋಡಿಗೆ ಇದು ಹೊಂದಲ್ಲ ಅನ್ನೋದಕ್ಕೆ ಇನ್ನೊಂದು ಕಾರಣ ಇದೆ, ಅದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸುತ್ತೆ. ಹಾರ್ನೆಸ್ ಕೆಲಸ ಮಾಡ್ಬೇಕು ಅಂದ್ರೆ ಉಸಿರು ಬಿಗಿಹಿಡಿಯೋ ಅಷ್ಟು ಟೈಟ್ ಇರ್ಬೇಕು, ರಿಟ್ರ್ಯಾಕ್ಟರ್ ಇಲ್ಲ. ಟೈಟ್ ಇದ್ರೆ ನಂದಿ ಕ್ರಾಸಲ್ಲಿ ಮುಂದಕ್ಕೆ ಬಗ್ಗಿ ಎಡಗಡೆಯಿಂದ ಬರೋ ಟ್ರ್ಯಾಕ್ಟರ್ ನೋಡೋಕಾಗಲ್ಲ, ಸರ್ವೀಸ್ ರೋಡಿಂದ ರಾಂಗ್ ಸೈಡಲ್ಲಿ ನುಗ್ಗೋ ಟಿವಿಎಸ್ ಕಾಣಲ್ಲ. ಅದಕ್ಕೆ ಎಲ್ಲರೂ ಸಡಿಲ ಬಿಟ್ಕೊಳ್ತಾರೆ, ಸಡಿಲ ಬಿಟ್ಟ ಹಾರ್ನೆಸ್ಸಲ್ಲಿ ಮೈ ಮೊದಲು ಎಗರಿ ಆಮೇಲೆ ಪಟ್ಟಿಗೆ ಬಡಿಯುತ್ತೆ. ಇನ್ನು ಅಪಘಾತ ಆದ್ಮೇಲೆ ನಿಮ್ಮನ್ನ ಹೊರಗೆ ಎಳೆಯೋದು ಯಾರು? ಆಂಬುಲೆನ್ಸ್ ಬರೋಕೆ ಮುಂಚೆ ಪಕ್ಕದ ಹೊಲದವರು, ಹೂವಿನ ಗಾಡಿಯವರು, ಡಾಬಾ ಹುಡುಗರು. ಅವರಿಗೆ ಕೆಂಪು ಬಟನ್ ಒತ್ತಿದ್ರೆ ಬೆಲ್ಟ್ ಬಿಚ್ಚುತ್ತೆ ಅಂತ ಗೊತ್ತು. ಹೊಟ್ಟೆ ಮೇಲಿರೋ ಗುಂಡನೆ ಬಕಲನ್ನ ತಿರುಗಿಸ್ಬೇಕು ಅಂತ ಹೊಗೆ ತುಂಬಿದ ಕಾರಲ್ಲಿ ಅವರಿಗೆ ಹೇಗೆ ಹೊಳೀಬೇಕು?

2023ರ ಅಕ್ಟೋಬರ್ 26ರ ಬೆಳಗ್ಗೆ ನಮ್ಮೂರು ಚಿಕ್ಕಬಳ್ಳಾಪುರದ ಪಕ್ಕದಲ್ಲೇ, ಹೆದ್ದಾರಿ 44ರಲ್ಲಿ, ಮಂಜಲ್ಲಿ ನಿಂತಿದ್ದ ಟ್ಯಾಂಕರಿಗೆ ಟಾಟಾ ಸುಮೋ ಹಿಂದಿನಿಂದ ಗುದ್ದಿ 13 ಜನ ಸತ್ರು. ಆವತ್ತಿನಿಂದ ನನಗೆ ಸೇಫ್ಟಿ ಅಂದ್ರೆ ಮೊದಲು ನೆನಪಾಗೋದು ತುಂಬಿದ ಗಾಡಿಗಳು, ಮಂಜು, ಇಂಡಿಕೇಟರ್ ಹಾಕದೇ ನಿಲ್ಸಿದ ಲಾರಿಗಳು. ಈ ಜಿಲ್ಲೆಯಲ್ಲಿ ಹಿಂದಿನ ಸೀಟಲ್ಲಿ ಕೂತವರು ಬೆಲ್ಟ್ ಹಾಕೋದನ್ನ ನಾನು ನೋಡೋದೇ ಅಪರೂಪ, ಮದುವೆಗೆ ಹೋಗೋ ಕಾರಲ್ಲಿ ಅಜ್ಜಿ, ಚಿಕ್ಕಮ್ಮ, ಮಕ್ಕಳು ಎಲ್ಲಾ ಹಾಗೇ ಕೂತಿರ್ತಾರೆ, ಬಕಲ್‌ಗಳು ಸೀಟ್ ಕವರ್ ಒಳಗೆ ಸೇರ್ಕೊಂಡಿರ್ತವೆ. ಡ್ರೈವರ್ರು ಎಂಥಾ ಬೆಲ್ಟ್ ಹಾಕಿದ್ರೂ ಹಿಂದೆ ಬೆಲ್ಟ್ ಇಲ್ದೇ ಕೂತವರು ಡಿಕ್ಕಿಯಲ್ಲಿ ಎಗರಿ ಬಂದು ಅವನ ಸೀಟಿಗೇ ಬೀಳೋದು. ಮೂರು ಸಾವಿರ ಖರ್ಚು ಮಾಡೋ ಮನಸ್ಸಿದ್ರೆ ಆ ಸೀಟ್ ಕವರ್ ಕೊಯ್ದು ಬಕಲ್ ಹೊರಗೆ ತೆಗೆಸಿ, ಸವೆದ ಟೈರ್ ಒಂದನ್ನ ಬದಲಾಯಿಸಿ.

ರೇಸಿಂಗ್ ಆಸೆ ಇರೋರಿಗೆ ನಾನು ಬೇಡ ಅನ್ನಲ್ಲ. ನಮ್ಮ ದೇಶದ ಮೋಟಾರ್ ರೇಸಿಂಗ್ ಸಂಸ್ಥೆ ಎಫ್‌ಎಂಎಸ್‌ಸಿಐ ಲೈಸೆನ್ಸ್ ತಗೊಂಡು ಚೆನ್ನೈ ಹತ್ರದ ಇರುಂಗಾಟುಕೋಟೈ ಟ್ರ್ಯಾಕಿಗೋ ಕೊಯಮತ್ತೂರಿನ ಕಾರಿ ಸ್ಪೀಡ್‌ವೇಗೋ ಹೋಗಿ, ಅಲ್ಲಿ ಗಾಡಿ ತಪಾಸಣೆ ಮಾಡೋ ಸ್ಕ್ರುಟಿನಿಯರ್‌ಗಳು ನಿಮ್ಮ ಸೀಟು, ಕೇಜು, ಬೆಲ್ಟಿನ ತಾರೀಖು ಎಲ್ಲಾ ನೋಡಿನೇ ಒಳಗೆ ಬಿಡೋದು. ಟ್ರ್ಯಾಕ್ ಡೇಗೆ ಅದೇ ಕಾರು ತಗೊಂಡು ಹೋಗೋದಾದ್ರೆ ಮೂರು ಪಾಯಿಂಟ್ ಬೆಲ್ಟ್ ಮುಟ್ಟದೇ ಹಾಗೇ ಇಡಿ, ವಾಪಸ್ ಬರೋವಾಗ ಅದನ್ನೇ ಹಾಕ್ಕೊಂಡು ಬನ್ನಿ.

ಸೆಕೆಂಡ್ ಹ್ಯಾಂಡ್ ಕಾರು ತಗೊಳ್ಳೋರು ಒಂದು ವಿಷಯ ನೋಡ್ಕೊಳ್ಳಿ, ಇಂಥಾ ಹಾರ್ನೆಸ್ ಕಾರುಗಳು ಒಂದೆರಡು ವರ್ಷಕ್ಕೆ ಮಾರಾಟಕ್ಕೆ ಬರ್ತವೆ, ಪಟ್ಟಿ ತೆಗೆದಿರ್ತಾರೆ, ಗುರುತು ಉಳಿದಿರುತ್ತೆ. ಹಿಂದಿನ ಕುಶನ್ ಎತ್ತಿ ಬೋಲ್ಟ್ ತಲೆ ಮೇಲೆ ಸ್ಪ್ಯಾನರ್ ಗೀರು ಇದೆಯಾ, ಕಾರ್ಪೆಟ್ ಕೆಳಗೆ ಎಂಸೀಲ್ ತುಂಬಿದ ತೂತಿದೆಯಾ ನೋಡಿ. ಹಿಂದಿನ ಬಕಲ್‌ಗಳನ್ನ ಒಂದೊಂದಾಗಿ ಜೋರಾಗಿ ಎಳೆದು ನೋಡಿ. ಬಕೆಟ್ ಸೀಟ್ ಹಾಕಿ ತೆಗೆದಿದ್ರೆ ಸೀಟಿನ ಕೆಳಗಿನ ಹಳದಿ ಕನೆಕ್ಟರ್ ಸರಿಯಾಗಿ ಕೂತಿದೆಯಾ ಗಮನಿಸಿ, ಅದು ಸೈಡ್ ಏರ್‌ಬ್ಯಾಗ್, ಪ್ರಿಟೆನ್ಷನರ್ ವೈರು, ಕೆಲವರು ಅದಕ್ಕೆ ರೆಸಿಸ್ಟರ್ ಸಿಕ್ಕಿಸಿ ಕಂಪ್ಯೂಟರಿಗೆ ಎಲ್ಲಾ ಸರಿ ಇದೆ ಅಂತ ತೋರಿಸಿರ್ತಾರೆ. ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ಲೈಟ್ ಕೆಲವು ಸೆಕೆಂಡ್ ಹತ್ತಿ ಆರ್ಬೇಕು. ಆರದೇ ಉರೀತಾನೇ ಇದ್ರೆ ಫಾಲ್ಟ್ ಇದೆ, ಹತ್ತಲೇ ಇಲ್ಲ ಅಂದ್ರೆ ಯಾರೋ ಆ ಲೈಟನ್ನೇ ಕಟ್ ಮಾಡಿರ್ಬೋದು, ಸ್ಕ್ಯಾನರ್ ಹಾಕಿ ನೋಡಿಸೋ ತನಕ ಅಡ್ವಾನ್ಸ್ ಕೊಡ್ಬೇಡಿ.